ಮಾವನ ನಾಣ್ಯದ ಗೂಡುಗಳು

ನನ್ನ ಮಾವ, ಎಂದರೆ ಗಂಡನ ಅಪ್ಪ, ಯಾವ ವಸ್ತುವನ್ನೂ ಅಂಗೈ ತಾಗಿಸಿ ಹಿಡಿದದ್ದನ್ನು ನಾನು ಕಂಡವಳಲ್ಲ. ಕಾಫಿಯ ಲೋಟ, ಓದುವ ಪತ್ರಿಕೆ, ಎಲೆಯ ಬದಿಗೆ ಬಡಿಸಿದ ಹಪ್ಪಳ, ಎಲ್ಲವನ್ನೂ ಹೆಬ್ಬೆರಳು ಮತ್ತು ತೋರುಬೆರಳಿನ ತುದಿಯಿಂದ ಅಂಚು ಹಿಡಿದೇ ಎತ್ತುತ್ತಿದ್ದರು. ಉಳಿದ ಮೂರು ಬೆರಳು ತಮಗೂ ಈ ಕೆಲಸಕ್ಕೂ ಸಂಬಂಧವಿಲ್ಲ ಎಂಬಂತೆ ಗಾಳಿಯಲ್ಲಿ ನಿಂತಿರುತ್ತಿದ್ದವು. ಸಾಬೂನು ಹಾಕಿ ತೊಳೆದೂ ತೊಳೆದೂ ಆ ಎರಡು ಬೆರಳುಗಳ ತುದಿ ಬಿಳಿಚಿ ಸುಕ್ಕುಗಟ್ಟಿತ್ತು. ಬಾಣಂತನ ಮುಗಿಸಿ ಬಂದು ಮೊದಲ ಸಲ ನನ್ನ ಮಗಳನ್ನು ಅವರ ಮುಂದೆ ಹಿಡಿದಾಗ, ಮಗುವಿನ ಕಿವಿಯ ಅಂಚನ್ನು ಆ ಎರಡು ಬೆರಳಿನಲ್ಲಿ ಹಿಡಿದು, ಮುಖವನ್ನು ಸ್ವಲ್ಪ ಬೆಳಕಿಗೆ ತಿರುಗಿಸಿ ನೋಡಿ, "ಆಯ್ತು, ಒಳಗೆ ತಕ್ಕೊಂಡು ಹೋಗು" ಎಂದರು. ಯಾವ ಇಸವಿಯದ್ದು ಎಂದು ಹುಡುಕಿದರೋ ಏನೋ.

ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕಂತೆ. ಈ ನಿಯಮವನ್ನು ಸಾಯಲು ಹೊರಟವರೇ ಮಾಡಿರಬೇಕು. ನನ್ನ ಮಗಳು ಈಗಲೂ ಕೇಳುತ್ತಾಳೆ, "ಅಜ್ಜನ ಮೇಲಿನ ಸಿಟ್ಟು ನಿಂಗೆ ಇನ್ನೂ ಹೋಗ್ಲಿಲ್ವಾ ಅಮ್ಮ?" ಎಂದು. ಹೋಗಿಲ್ಲ. ಹೋಗಲಿ ಎಂದು ನಾನು ದೇವರಲ್ಲಿ ಕೇಳಿಕೊಂಡವಳೂ ಅಲ್ಲ. ಆದರೆ ನನ್ನ ಬದುಕಿನಲ್ಲಿ ನನಗೆ ಗಟ್ಟಿಯಾಗಿ ಮಾತಾಡಲು ಕಲಿಸಿದವರು ಯಾರು ಎಂದು ಯೋಚಿಸಿದರೆ ಆ ಮನುಷ್ಯನ ಹೆಸರೇ ಮುಂದೆ ಬರುತ್ತದೆ. ಅವರನ್ನು ಬಿಟ್ಟು ನನ್ನ ಕತೆ ಹೇಳಲಿಕ್ಕಾಗುವುದಿಲ್ಲ, ಅದೂ ಒಂದು ಸಿಟ್ಟೇ.

ಅವರು ಸರಕಾರಿ ಖಜಾನೆಯಲ್ಲಿ ಶರಾಫರಾಗಿದ್ದವರು. ಹೊರಗಿನಿಂದ ಬಂದ ಬೆಳ್ಳಿ ನಾಣ್ಯಗಳನ್ನು ಕರಿಕಲ್ಲಿನ ಮೇಲೆ ಚಿಮ್ಮಿಸಿ, ಸದ್ದು ಕೇಳಿ, ಅಸಲು ಯಾವುದು ಖೋಟಾ ಯಾವುದು ಎಂದು ಹೇಳುವ ಕೆಲಸ. ಒಳ್ಳೆಯ ಕಿವಿ ಇತ್ತು, ಅದನ್ನು ಒಪ್ಪುತ್ತೇನೆ. ಲಂಚ ಮುಟ್ಟಲಿಲ್ಲ, ಅದನ್ನೂ ಒಪ್ಪುತ್ತೇನೆ. ಯಾವುದನ್ನೂ ಮುಟ್ಟದವರು ಅದನ್ನು ಮಾತ್ರ ಮುಟ್ಟುತ್ತಾರೆಯೇ. ಖಜಾನೆಗೆ ಬಂದ ರಾಶಿಯಲ್ಲಿ ತಮಗೆ ಬೇಕಾದ ನಾಣ್ಯ ಕಂಡರೆ ತಮ್ಮ ಸಂಬಳದಿಂದ ಅಷ್ಟೇ ಬೆಲೆಯದನ್ನು ಅಲ್ಲಿಟ್ಟು, ಮೇಲಧಿಕಾರಿಗೆ ಹೇಳಿಯೇ ಇದನ್ನು ತರುತ್ತಿದ್ದರು. ಚಿನ್ನಬೆಳ್ಳಿಯ ಆಚಾರಿಗಳಲ್ಲಿ ಕರಗಿಸಲು ಬಂದ ಹಳೆಯ ಸರಗಳ ರೂಪಾಯಿಗಳನ್ನೂ ದುಡ್ಡು ಕೊಟ್ಟು ತರುತ್ತಿದ್ದರು. ನಯಾ ಪೈಸೆ ಬಂದ ಮೇಲೆ ನಿವೃತ್ತರಾದರು. ಅಷ್ಟರಲ್ಲಿ ಪುತ್ತೂರು ಪೇಟೆಯ ಹಿಂದಿನ ಓಣಿಯ ನಮ್ಮ ಬಾಡಿಗೆ ಮನೆಯಲ್ಲಿ ಒಂದು ದೊಡ್ಡ ಮರದ ಪೆಟ್ಟಿಗೆ ತುಂಬಿತ್ತು. ಅದರ ಕೀಲಿ ಅವರ ಉಡಿದಾರದಲ್ಲಿ. ನಮ್ಮ ಜನರ ಮನೆಮಾತು ಅರೆಭಾಷೆ, ಆದರೆ ಅವರ ಮುಂದೆ ಅದನ್ನು ಆಡುವಂತಿರಲಿಲ್ಲ. ಕಚೇರಿಯಲ್ಲಿ ಕಲಿತ ಕನ್ನಡವನ್ನೇ ಮನೆಗೂ ತಂದಿದ್ದರು. ಹೆಂಡತಿಯೊಡನೆಯೂ ಅದೇ. ಅರೆಭಾಷೆಯಲ್ಲಾದರೆ ಸಲಿಗೆ ಬಂದುಬಿಡುತ್ತದೆ ಎಂಬ ಭಯವಿರಬೇಕು.

"ನಾಣ್ಯಕ್ಕೆ ವೈರಿ ಕಳ್ಳ ಅಲ್ಲ, ಕೈ" ಎಂದು ಅವರು ಹೇಳುತ್ತಿದ್ದರು. ಕಳ್ಳ ಒಯ್ದರೆ ನಾಣ್ಯ ಎಲ್ಲೋ ಇರುತ್ತದೆ, ಕೈ ಮುಟ್ಟಿದರೆ ಬೆವರು ತಾಗಿ, ತಿಕ್ಕಿ, ಸವೆದು, ನಾಣ್ಯವೇ ಇಲ್ಲವಾಗುತ್ತದೆ ಎಂಬುದು ಅವರ ವಾದ. ಅದಕ್ಕಾಗಿ ಪ್ರತಿ ನಾಣ್ಯಕ್ಕೂ ಒಂದು ಗೂಡು ಮಾಡುತ್ತಿದ್ದರು. ಗೂಡು ಎಂಬುದು ಅವರದೇ ಮಾತು. ಮೊದಮೊದಲು ಬೆಂಕಿಪೆಟ್ಟಿಗೆಯಲ್ಲಿ ಹತ್ತಿ ಹಾಸಿ ಇಡುತ್ತಿದ್ದರಂತೆ. ಮಳೆಗಾಲದಲ್ಲಿ ಹತ್ತಿ ನೀರು ಕುಡಿಯಿತು. ಆಮೇಲೆ ನೋವಿನ ಮುಲಾಮಿನ ತಗಡಿನ ಡಬ್ಬಿಗಳು. ಅವು ತುಕ್ಕು ಹಿಡಿದವು. ನಾನು ಸೊಸೆಯಾಗಿ ಬರುವ ಹೊತ್ತಿಗೆ ದಪ್ಪ ಕಾಗದದ ಗೂಡುಗಳ ಕಾಲ. ಅಂಗೈಯಗಲದ ಎರಡು ಚೌಕ ಕಾಗದ, ನಡುವೆ ನಾಣ್ಯದಷ್ಟೇ ದೊಡ್ಡ ತೂತು, ತೂತಿಗೆ ಎರಡೂ ಕಡೆ ಗಾಜಿನಂಥ ಕಾಗದದ ಕಿಟಕಿ. ನಾಣ್ಯವನ್ನು ಒಳಗಿಟ್ಟು ಸುತ್ತ ಅಂಟು ಹಚ್ಚಿ ಮುಚ್ಚಿಬಿಟ್ಟರೆ ಎರಡೂ ಮುಖ ಕಾಣುತ್ತದೆ, ಆದರೆ ಯಾರಿಗೂ ಮುಟ್ಟಲಿಕ್ಕಾಗುವುದಿಲ್ಲ. ತೂತು ಕೊರೆಯಲು ಕಮ್ಮಾರನಿಂದ ರೂಪಾಯಿಗೊಂದು, ಅರ್ಧಕ್ಕೊಂದು, ಪಾವಲಿಗೊಂದು ಹರಿತ ಬಾಯಿಯ ಕೊಳವೆ ಮಾಡಿಸಿದ್ದರು. ಮಧ್ಯಾಹ್ನ ಊಟವಾದ ಮೇಲೆ ಅದರ ತಲೆಗೆ ಸುತ್ತಿಗೆ ಹೊಡೆಯುವ ಸದ್ದಿಗೆ ನಮ್ಮ ಓಣಿಯ ಮಕ್ಕಳು ಯಾರೂ ನಿದ್ದೆ ಮಾಡುತ್ತಿರಲಿಲ್ಲ.

ಕಿಟಕಿಯ ಕಾಗದ ಸಿಗರೇಟು ಪ್ಯಾಕಿನದ್ದು. ಅವರು ಸಿಗರೇಟು ಸೇದುವವರಲ್ಲ. ಓಣಿಯ ಬಾಯಿಯಲ್ಲಿ ಅಂಗಡಿ ಇಟ್ಟಿದ್ದ ಬ್ಯಾರಿ ಸಾಹೇಬರು ಗಿರಾಕಿಗಳು ಸುಲಿದು ಬಿಸಾಡಿದ ಹೊದಿಕೆಗಳನ್ನು ಹೆಕ್ಕಿ ಡಬ್ಬಿಯಲ್ಲಿ ತುಂಬಿಸಿಡುತ್ತಿದ್ದರು. ನಾನು ಸಕ್ಕರೆಗೆ ಹೋದಾಗ ಅದನ್ನು ನನ್ನ ಕೈಗೆ ಕೊಟ್ಟು, "ನಿಮ್ಮ ಮಾವನಿಗೆ ಸಿಗರೇಟು ಬೇಡ ಮಾರಾಯ್ತಿ, ಸಿಗರೇಟಿನ ಅಂಗಿ ಮಾತ್ರ ಸಾಕು" ಎಂದು ನಗುತ್ತಿದ್ದರು. ದಪ್ಪ ಕಾಗದಕ್ಕೆ ಮಾವ ಮದುವೆ ಕರೆಯೋಲೆಗಳನ್ನು ನೆಚ್ಚಿಕೊಂಡಿದ್ದರು. ಯಾರ ಮನೆಯಲ್ಲಿ ಮದುವೆ ಎಂದರೂ ಹೋಗುತ್ತಿದ್ದರು, ಊಟ ಮಾಡಿ ಉಳಿದ ಓಲೆಗಳನ್ನು ಕೇಳಿ ತರುತ್ತಿದ್ದರು. ನಮ್ಮ ಮದುವೆಯದ್ದೂ ಉಳಿದಿತ್ತಲ್ಲ, ಅದಕ್ಕೂ ಸುತ್ತಿಗೆ ಬಿತ್ತು. ಎಷ್ಟೋ ಗೂಡುಗಳ ಮೇಲೆ ನನ್ನ ಗಂಡನ ಅರ್ಧ ಹೆಸರು, ನನ್ನ ಊರಿನ ಕಾಲು ಹೆಸರು, ನಡುವೆ ಬೋಳುತಲೆಯ ದೊರೆ. ನಮ್ಮನ್ನು ಕೂಡಿಸಿದ ಓಲೆ ಹೀಗೆ ತೂತಾದದ್ದನ್ನು ನೋಡಿ ನನ್ನ ಗಂಡ ನಕ್ಕರು. ನನಗೆ ನಗು ಬರಲಿಲ್ಲ.

ಈಗ ನನ್ನ ಸರದ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಎಲ್ಲ ಇರುವುದು ಅದರಲ್ಲೇ.

ನನ್ನ ತವರು ಪಂಜದ ಕಡೆ. ನನ್ನ ಅಮ್ಮನಿಗೆ ಅವಳ ಅಮ್ಮನಿಂದ ಬಂದ ಒಂದು ರೂಪಾಯಿ ಸರ ಇತ್ತು. ಹಳೆಯ ಬೆಳ್ಳಿ ರೂಪಾಯಿಗಳ ನೆತ್ತಿಗೆ ಬೆಸುಗೆ ಹಾಕಿ ಕೊಂಡಿ ಕೂರಿಸಿ, ಬೆಳ್ಳಿಯ ಸರಪಣಿಗೆ ಪೋಣಿಸಿದ್ದು. ಆ ಮನೆಯ ಹೆಣ್ಣು ಮದುಮಗಳಾಗಿ ಹೊಸ್ತಿಲು ದಾಟುವಾಗ ಅದು ಕೊರಳಲ್ಲಿರಬೇಕು, ಮುಂದಿನ ಹೆಣ್ಣಿನ ಮದುವೆಗೆ ಅವಳೇ ಅದನ್ನು ತಂದು ತನ್ನ ಕೈಯಾರೆ ತೊಡಿಸಬೇಕು, ಇದು ಅಮ್ಮನ ಕಡೆಯವರ ಕ್ರಮ. ಅಮ್ಮ ನನ್ನ ಮದುವೆಯವರೆಗೆ ಬದುಕಲಿಲ್ಲ. ಹಾಸಿಗೆ ಹಿಡಿದಾಗ ಸರವನ್ನು ನನ್ನ ಕೈಗೆ ಕೊಟ್ಟು, ಪಕ್ಕದಲ್ಲಿ ಕೂತಿದ್ದ ತಂಗಿಯನ್ನು ತೋರಿಸಿ, "ಇವಳಿಗೆ ನೀನೇ ಹಾಕ್ಬೇಕು" ಎಂದಿದ್ದಳು. ತಂಗಿ ಆಗ ಇನ್ನೂ ಲಂಗ ಉಡುವ ಹುಡುಗಿ. ಅಮ್ಮ ನನ್ನಿಂದ ಕೇಳಿದ್ದು ಅದೊಂದೇ.

ನನ್ನ ಮದುವೆಯ ದಿನ ಬಂದವರೆಲ್ಲ ನನ್ನ ಮುಖ ನೋಡಿದರೆ ಮಾವ ನನ್ನ ಸರ ನೋಡಿದರು. ಧಾರೆಗೆ ಕೂತಾಗ ಬಗ್ಗಿ ಬಗ್ಗಿ ನೋಡಿದರು. ನಮ್ಮ ಕಡೆಯ ಹೆಂಗಸರು ಏನೇನೋ ತಿಳಿದುಕೊಂಡು ಸೆರಗು ಸರಿಮಾಡಿಕೊಳ್ಳುವಂತೆ ನನಗೆ ಕಣ್ಸನ್ನೆ ಮಾಡಿದರು. ಪಾಪ, ಅವರಿಗೆ ಗೊತ್ತಿರಲಿಲ್ಲ. ಆ ಮನುಷ್ಯ ಓದುತ್ತಿದ್ದದ್ದು ಇಸವಿಯನ್ನು. ಸರದಲ್ಲಿದ್ದ ಒಂದು ರಾಣಿ ರೂಪಾಯಿ ತೀರಾ ಕಡಿಮೆ ಅಚ್ಚಾದ ವರ್ಷದ್ದಂತೆ. ಹುಡುಗಿ ನೋಡಲು ಬಂದ ದಿನವೇ ಅವರ ಕಣ್ಣಿಗೆ ಅದು ಬಿದ್ದಿರಬೇಕೆಂದು ನನ್ನ ಗುಮಾನಿ, ಏಕೆಂದರೆ ನನ್ನ ಜಾತಕವನ್ನು ಅವರು ಕೇಳಲೇ ಇಲ್ಲ.

ಚೊಚ್ಚಲ ಬಾಣಂತನಕ್ಕೆ ನಾನು ತವರಿಗೆ ಹೊರಟಾಗ ಮಾವ ಜಗಲಿಯಲ್ಲಿ ನಿಂತು ಹೇಳಿದರು. "ಬಸ್ಸಿನಲ್ಲಿ ಹೋಗುದು, ಆಮೇಲೆ ನಡೆಯುದು. ಸರ ಇಲ್ಲೇ ಇರ್ಲಿ, ಪೆಟ್ಟಿಗೆಯಲ್ಲಿ ಕ್ಷೇಮವಾಗಿ ಇರ್ತದೆ." ನಾನು ತೆಗೆದು ಕೊಟ್ಟೆ. ತುಂಬಿದ ಬಸುರಿಗೆ ಕೊರಳ ಭಾರ ಇಳಿದದ್ದೇ ಸುಖ ಅನ್ನಿಸಿತ್ತು.

ಮಗುವಿನೊಡನೆ ಮರಳಿ ಬಂದು, ಒಂದು ಶುಕ್ರವಾರ ಸರ ಕೇಳಿದೆ. ಮಾವ ಬಹಳ ಸಂತೋಷದಿಂದ ಎದ್ದರು. ಅವರು ಅಷ್ಟು ಸಂತೋಷಪಟ್ಟದ್ದನ್ನು ನಾನು ಮತ್ತೆ ನೋಡಿಲ್ಲ. ಕೈ ತೊಳೆದು ಒರಸಿಕೊಂಡು, ಪೆಟ್ಟಿಗೆ ತೆರೆದು, ಒಂದು ತಟ್ಟೆಯಂಥ ಹಲಗೆಯನ್ನು ಎತ್ತಿ ನನ್ನ ಮುಂದೆ ಇಟ್ಟರು. ಅದರಲ್ಲಿ ನನ್ನ ಅಮ್ಮನ ರೂಪಾಯಿಗಳು ಒಂದೊಂದೂ ಒಂದೊಂದು ಗೂಡಿನಲ್ಲಿ ಕೂತಿದ್ದವು. ಆಚಾರಿಯಿಂದ ಕೊಂಡಿ ತೆಗೆಸಿ, ಬೆಸುಗೆಯನ್ನು ಅರದಿಂದ ಉಜ್ಜಿಸಿ, ಸರಪಣಿಯನ್ನು ಬೇರೆ ಸುತ್ತಿ ಬದಿಗಿಟ್ಟಿದ್ದರು. ಪ್ರತಿ ಗೂಡಿನ ಕೆಳಗೆ ಇರುವೆಯ ಕಾಲಿನಂಥ ಅವರ ಅಕ್ಷರ. ದೊರೆ ಯಾರು, ಇಸವಿ ಯಾವುದು, ಯಾವ ಟಂಕಸಾಲೆ, ಸ್ಥಿತಿ ಹೇಗೆ. ರಾಣಿಯ ಆ ಒಂದು ರೂಪಾಯಿಗೆ ಅಪರೂಪ ಎಂದು ಸೇರಿಸಿದ್ದು ಬಿಟ್ಟರೆ ಎಲ್ಲದರ ಕೆಳಗೆ ಒಂದೇ ಮಾತು: ಸವೆದಿದೆ, ನೆತ್ತಿಯಲ್ಲಿ ಬೆಸುಗೆಯ ಗಾಯ, ಮಧ್ಯಮ.

ನನ್ನ ಅಜ್ಜಿ, ಅಮ್ಮ ಮೈಮೇಲೆ ಹಾಕಿಕೊಂಡು ಸವೆಸಿದ್ದಕ್ಕೆ ಈ ಮನುಷ್ಯ ಮಧ್ಯಮ ಎಂದು ಅಂಕ ಕೊಟ್ಟಿದ್ದರು.

"ಇದೆಂತ ಮಾವ?"

"ಇನ್ನು ಹೆದರಿಕೆ ಇಲ್ಲ. ಇಷ್ಟು ವರ್ಷ ಅದನ್ನು ಕೊಂದು ಹಾಕಿದ್ದೀರಿ ನೀವೆಲ್ಲ. ಬೆವರು, ಎಣ್ಣೆ, ಕುಂಕುಮ. ಇನ್ನು ಯಾರೂ ಮುಟ್ಲಿಕ್ಕಿಲ್ಲ."

"ನಂಗೆ ಸರ ಬೇಕು. ತಂಗಿಗೆ ಹಾಕ್ಲಿಕ್ಕೆ ಉಂಟು."

"ಬೇರೆ ಸರ ಮಾಡಿಸಿ ಕೊಡುವ. ಇದಕ್ಕೆ ಮತ್ತೆ ಬೆಸುಗೆ ಹಾಕಿದ್ರೆ ಇದು ನಾಣ್ಯ ಅಲ್ಲ, ಅಂಗಿಯ ಗುಂಡಿ."

ಹಲಗೆ ಪೆಟ್ಟಿಗೆಯೊಳಗೆ ಹೋಯಿತು, ಕೀಲಿ ಉಡಿದಾರಕ್ಕೆ ಹೋಯಿತು. ನಾನು ಅಡುಗೆಮನೆಗೆ ಹೋಗಿ ಅತ್ತೆಯ ಮುಂದೆ ಕಣ್ಣೀರು ಹಾಕಿದೆ. ಅತ್ತೆ ಮಾತು ಕಡಿಮೆಯ ಹೆಂಗಸು. ಕಾಯಿ ತುರಿಯುವುದನ್ನು ನಿಲ್ಲಿಸಿ ನನ್ನನ್ನು ಸ್ವಲ್ಪ ಹೊತ್ತು ನೋಡಿದರು, ಮತ್ತೆ ತುರಿದರು. ನನ್ನ ಗಂಡ ಶಾಲೆ ಮಾಸ್ತರರು, ಒಳ್ಳೆಯವರು, ಅಪ್ಪನ ಎದುರು ಮಾತ್ರ ಮೊದಲನೇ ಕ್ಲಾಸಿನ ಹುಡುಗ. "ಅಪ್ಪ ಮಾರ್ಲಿಲ್ಲ, ಹಾಳು ಮಾಡ್ಲಿಲ್ಲ. ಮನೆಯಲ್ಲೇ ಉಂಟಲ್ಲ" ಎಂದರು. ಮನೆಯಲ್ಲೇ ಉಂಟು ಎಂಬುದು ಸಮಾಧಾನ ಎಂದು ಅವರು ನಿಜವಾಗಿಯೂ ನಂಬಿದ್ದರು.

ಆಮೇಲಿನ ವರ್ಷಗಳನ್ನು ನಾನು ಆ ಮನೆಯಲ್ಲಿ ಹೇಗೆ ಕಳೆದೆ ಎಂದು ವಿವರಿಸುವುದಿಲ್ಲ. ಬಡಿಸಿದೆ, ಬಟ್ಟೆ ಒಗೆದೆ, ಅಂಟಿಗೆ ಮೈದಾ ಕಾಯಿಸಿ ಕೊಟ್ಟೆ. ಹಬ್ಬ ಹಬ್ಬಕ್ಕೆ ಒಂದು ಸಲ ಸರ ಕೇಳಿದೆ. ಬಿಡದೆ ಕೇಳಿದೆ. ಮೊದಲು ನೆಲ ನೋಡಿ ಕೇಳುತ್ತಿದ್ದವಳು ಬರಬರುತ್ತ ಅವರ ಮುಖ ನೋಡಿಯೇ ಕೇಳುವಷ್ಟಾದೆ. ಅವರು ಒಮ್ಮೆಯೂ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಅರ್ಥವಾಗದ ಮಗುವಿಗೆ ಹೇಳುವಂತೆ, "ಕ್ಷೇಮವಾಗಿ ಉಂಟು" ಎನ್ನುತ್ತಿದ್ದರು.

ಅವರ ನ್ಯಾಯ ಎಂಥದ್ದು ಎಂಬುದಕ್ಕೆ ಒಂದು ಸಂಗತಿ ಹೇಳಬೇಕು. ನಿವೃತ್ತರಾದ ಮೇಲೂ ಜನ ಅವರ ಬಳಿ ನಾಣ್ಯ ತೋರಿಸಲು ಬರುತ್ತಿದ್ದರು. ಒಮ್ಮೆ ಇಚಿಲಂಪಾಡಿಯಿಂದ ಒಬ್ಬ ಮುದುಕಿ ಸೆರಗಿನ ತುದಿಯಲ್ಲಿ ಒಂದು ರೂಪಾಯಿ ಕಟ್ಟಿಕೊಂಡು ಬಂದಳು. ಗಂಡ ಸಾಯುವಾಗ ಕೊಟ್ಟದ್ದಂತೆ, ಒಳ್ಳೆಯ ಬೆಳ್ಳಿಯೇ ಎಂದು ತಿಳಿಯಬೇಕಿತ್ತು. ಮಾವ ಅಂಚು ಹಿಡಿದು ಕರಿಕಲ್ಲಿನ ಮೇಲೆ ಒಮ್ಮೆ ಚಿಮ್ಮಿಸಿದರು. "ಖೋಟಾ" ಎಂದರು. ಮುದುಕಿ, "ಸರಿ ನೋಡಿ ಒಡೆಯಾ, ಅವ್ರು ಸುಳ್ಳು ಹೇಳುವ ಜನ ಅಲ್ಲ" ಎಂದಳು. "ಅವನು ಸುಳ್ಳು ಹೇಳ್ಲಿಲ್ಲ, ನಾಣ್ಯ ಸುಳ್ಳು ಹೇಳಿದ್ದು" ಎಂದು ಇವರು ಕನ್ನಡಕ ತೆಗೆದು ಒರಸಿಕೊಂಡರು. ಅವಳಿಗೆ ಒಂದು ಲೋಟ ನೀರು ಕೊಡು ಎಂದೂ ನನಗೆ ಹೇಳಲಿಲ್ಲ. ನಾನೇ ಮಜ್ಜಿಗೆ ಕೊಟ್ಟೆ. ಆಡಿದ ಮಾತು ಸತ್ಯವೇ, ಅದಕ್ಕೆ ಯಾರೂ ಎದುರಾಡುವಂತಿಲ್ಲ. ಅಂಥ ಸತ್ಯದ ಜೊತೆ ಒಂದೇ ಮಾಡಿನ ಕೆಳಗೆ ಬದುಕಿ ನೋಡಬೇಕು, ಆಗ ಗೊತ್ತಾಗುತ್ತದೆ.

ಅರವತ್ತರ ದಶಕ ಶುರುವಾಗಿ ಸ್ವಲ್ಪ ಕಾಲಕ್ಕೆ ತಂಗಿಗೆ ಐವರ್ನಾಡಿನ ಕಡೆಯ ಸಂಬಂಧ ಕೂಡಿಬಂತು. ದೀಪಾವಳಿ ಕಳೆದ ಮೇಲೆ ಮದುವೆ ಎಂದು ನಿಶ್ಚಯ. ಆ ವರ್ಷ ಮಳೆ ಹಿಡಿಯುವ ಮೊದಲು ನನ್ನ ಅಪ್ಪ ಪುತ್ತೂರಿಗೆ ಬಂದರು. ಬಂದದ್ದು ಸರ ಕೇಳಲಿಕ್ಕೆ. ಅಪ್ಪ ಬಹಳ ಮೆದು ಮನುಷ್ಯ, ಹೆಣ್ಣು ಕೊಟ್ಟ ಮನೆಯಲ್ಲಿ ಒಂದು ಲೋಟ ನೀರು ಕೇಳಲಿಕ್ಕೂ ನಾಚುವವರು. ಬೆಂಚಿನ ತುದಿಯಲ್ಲಿ ಕೂತು, ಕೊಡೆಯ ಹಿಡಿಯನ್ನು ತಿರುಗಿಸುತ್ತ, "ಸಣ್ಣವಳ ಮದುವೆ... ಆ ಸರ ಒಂದು... ಅವಳ ಅಮ್ಮನ ಆಸೆ" ಎಂದರು.

ಮಾವ ಏನೂ ಕೇಳಿಸದವರಂತೆ ಪೆಟ್ಟಿಗೆ ತೆರೆದರು. ಅಪ್ಪನಿಗೆ ಹಲಗೆ ತೋರಿಸಿದರು. ಬರೀ ನಮ್ಮದಲ್ಲ, ಒಂದಾದ ಮೇಲೊಂದು ಎಲ್ಲ ಹಲಗೆಗಳನ್ನೂ. ಈ ದೊರೆ, ಆ ದೊರೆ, ಈ ಟಂಕಸಾಲೆಯ ಚುಕ್ಕೆ, ಆ ಟಂಕಸಾಲೆಯ ಅಕ್ಷರ. ಅಪ್ಪ ಎಲ್ಲದಕ್ಕೂ ತಲೆ ಆಡಿಸಿದರು. ಅಮ್ಮನ ರೂಪಾಯಿಯ ಗೂಡೊಂದನ್ನು ನೋಡಲೆಂದು ಕೈ ಚಾಚಿದಾಗ ಮಾವ ಮೆಲ್ಲನೆ ಹಲಗೆಯನ್ನು ತಮ್ಮ ಕಡೆಗೆ ಎಳೆದುಕೊಂಡು, "ಕಣ್ಣಿನಲ್ಲಿ ನೋಡಿ" ಎಂದರು. ಹೆಂಡತಿಯ ಕೊರಳಲ್ಲಿ ಅಷ್ಟು ವರ್ಷ ಕಂಡದ್ದನ್ನು ಅಪ್ಪ ಕಣ್ಣಿನಲ್ಲಿ ನೋಡಿದರು. "ಚಂದ ಉಂಟು" ಎಂದರು. ಕಾಫಿ ಕುಡಿದು ಎದ್ದರು. ಬಸ್ಸಿನವರೆಗೆ ಕಳಿಸಲು ಹೋದ ನನ್ನ ಹತ್ತಿರ, "ಇರ್ಲಿ ಬಿಡು, ಬೇರೆ ಎಂತಾದ್ರೂ ಮಾಡುವ" ಎಂದು ಬೇರೆಲ್ಲೋ ನೋಡಿದರು. ಅಪ್ಪನನ್ನು ಆ ಬೆಂಚಿನ ತುದಿಯಲ್ಲಿ ಕೂರಿಸಿ ಹಾಗೆ ಸಣ್ಣವರನ್ನಾಗಿ ಮಾಡಿದ್ದಕ್ಕೆ ಮಾವನನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಆ ದಿನ ಬಸ್ಸಿನ ಹತ್ತಿರದಿಂದ ಮನೆಗೆ ಬರುವಾಗಲೇ ನಿಶ್ಚಯಿಸಿದೆ, ಸರ ತಂಗಿಯ ಕೊರಳಿಗೆ ಹೋಗಬೇಕು, ಇಲ್ಲವಾದರೆ ನಾನು ಆ ಮನೆಯಲ್ಲಿ ನಿಲ್ಲುವುದಿಲ್ಲ ಎಂದು.

ಮಾವನಿಗೆ ಆ ಬೇಸಿಗೆಯಲ್ಲಿ ಬೇರೆಯೇ ಚಿಂತೆ. ಹಿಂದಿನ ಮಳೆಗಾಲದಲ್ಲಿ ಜಿರಳೆಗಳು ಗೂಡಿನ ಅಂಟನ್ನು ತಿಂದು ಕಾಗದದ ಮೂಲೆಗಳನ್ನು ಬಿಡಿಸಿದ್ದವು, ಕೆಲವಕ್ಕೆ ಬೂಸ್ಟು ಹಿಡಿದಿತ್ತು. ಇದಕ್ಕೆ ಅವರು ಕಂಡುಕೊಂಡ ಮದ್ದು ಮೈಲುತುತ್ತು. ಮಳೆಗಾಲದಲ್ಲಿ ಕೊಳೆರೋಗ ಬಾರದಿರಲಿ ಎಂದು ನಮ್ಮ ಕಡೆ ಅಡಿಕೆಗೊನೆಗೆ ಸುಣ್ಣದ ಜೊತೆ ಬೆರೆಸಿ ಹೊಡೆಯುವ ನೀಲಿ ಹರಳು. ಪುಸ್ತಕ ಕಟ್ಟುವವರು ಅಂಟಿಗೆ ಒಂದು ಚಿಟಿಕೆ ಹಾಕುವುದನ್ನು ಅವರು ನೋಡಿದ್ದರು. ಚಿಟಿಕೆಯಲ್ಲಿ ಅವರಿಗೆ ತೃಪ್ತಿಯಾಗಲಿಲ್ಲ. "ಮರದ ತುದಿಯಲ್ಲಿ ಮೂರು ತಿಂಗಳು ಮಳೆಗೆ ನಿಂತ ಅಡಿಕೆಯನ್ನೇ ಅದು ಕಾಯ್ತದೆ. ಪೆಟ್ಟಿಗೆಯೊಳಗಿನ ಬೆಳ್ಳಿಯನ್ನು ಕಾಯ್ಲಿಕ್ಕಿಲ್ವಾ?" ಎಂದು ನನ್ನ ಗಂಡನಿಗೆ ವಿವರಿಸಿದರು. ನನ್ನ ಗಂಡ ಎಂದಿನಂತೆ ಹೌದು ಎಂದರು. ಈ ಊರಿನಲ್ಲಿ ಮೈಲುತುತ್ತಿನ ಮೇಲೆ ಯಾರಿಗೂ ಸಂಶಯ ಬರುವುದಿಲ್ಲ.

ಇಡೀ ಬೇಸಿಗೆ ಕೂತು ಎಲ್ಲ ಗೂಡುಗಳನ್ನೂ ಹೊಸತಾಗಿ ಮಾಡಿದರು. ಅಂಟಿಗೆ ಹಿಡಿಗಟ್ಟಲೆ ನೀಲಿ ಹರಳು ಕಲಸಿದರು, ಕಾಗದವನ್ನೂ ಆ ನೀರಿನಲ್ಲಿ ಅದ್ದಿ ಒಣಗಿಸಿದರು. ನಮ್ಮ ಓಣಿಯಲ್ಲಿ ಒಗೆದ ಬಟ್ಟೆಗಿಂತ ಹೆಚ್ಚು ನೀಲಿ ಕಾಗದ ಒಣಗುತ್ತಿತ್ತು. ಮೊದಲ ಮಳೆ ಬೀಳುವ ಮುಂಚೆ ಎಲ್ಲವನ್ನೂ ಪೆಟ್ಟಿಗೆಗೆ ತುಂಬಿ, ಮುಚ್ಚಳದ ಸುತ್ತ ಮೇಣ ಸುರಿದರು. ಇನ್ನು ಗಾಳಿಯೂ ಮುಟ್ಟಲಿಕ್ಕಿಲ್ಲ ಎಂದರು.

ಪೆಟ್ಟಿಗೆ ತೆರೆದದ್ದು ಮಳೆಗಾಲ ಮುಗಿದು ಹೊಸಕ್ಕಿಯ ಊಟ ಆದ ಮರುದಿನ ಬೆಳಿಗ್ಗೆ. ನಾನು ಒಳಗೆ ದೋಸೆ ಹೊಯ್ಯುತ್ತಿದ್ದೆ. ಜಗಲಿಯಲ್ಲಿ ಮಾವ ಮುಚ್ಚಳದ ಮೇಣ ಕೆರೆಯುವ ಸದ್ದು ಕೇಳುತ್ತಿತ್ತು. ಆಮೇಲೆ, ಯಾವತ್ತೂ ಧ್ವನಿ ಏರಿಸದವರು, "ಯಾರು ಮುಟ್ಟಿದ್ದು?" ಎಂದು ಕೇಳಿದ್ದು ಅಡುಗೆಮನೆಗೆ ಕೇಳಿಸಿತು.

ನಾನೂ ಅತ್ತೆಯೂ ಹೋಗಿ ನೋಡಿದೆವು. ಹಲಗೆಗಳು ನೆಲದ ಮೇಲೆ ಹರಡಿದ್ದವು. ಒಂದು ಗೂಡಿನ ಕಿಟಕಿಯಲ್ಲೂ ಬೆಳ್ಳಿ ಕಾಣುತ್ತಿರಲಿಲ್ಲ. ಮೇಣ ಹಾಕಿದ ಪೆಟ್ಟಿಗೆಯೊಳಗೆ ಮಳೆಗಾಲದ ತೇವ ಹೇಗೋ ಸೇರಿ, ಅಲ್ಲಿಂದ ಹೊರಹೋಗಲಾರದೆ ನಿಂತು, ಕಾಗದದ ಮೈಲುತುತ್ತನ್ನೆಲ್ಲ ಕರಗಿಸಿ ನಾಣ್ಯದ ಮೇಲೆ ಇಳಿಸಿತ್ತು. ದೊರೆಗಳ ಮೀಸೆ, ರಾಣಿಯ ಕೆನ್ನೆ, ಬಳ್ಳಿಯ ಚಿತ್ತಾರ ಎಲ್ಲವೂ ಹಸಿರು. ಮಾವ ಒಂದು ಗೂಡನ್ನು ಹರಿದು, ಹತ್ತಿಯಿಂದ ಒತ್ತಿ ನೋಡುತ್ತಿದ್ದರು. ಹಸಿರು ಹೋದಲ್ಲಿ ಕೆಳಗೆ ಸಣ್ಣ ಸಣ್ಣ ಗುಳಿಗಳಿದ್ದವು.

"ಯಾರು ಮುಟ್ಟಿದ್ದು?" ಮತ್ತೆ ಕೇಳಿದರು. ನನ್ನನ್ನೇ ನೋಡಿ ಕೇಳಿದರು.

"ಯಾರೂ ಮುಟ್ಲಿಲ್ಲ ಮಾವ," ಎಂದೆ. "ಕೀಲಿ ನಿಮ್ಮ ಸೊಂಟದಲ್ಲೇ ಉಂಟು. ಯಾರೂ ಮುಟ್ಟದ್ದಕ್ಕೇ ಹೀಗಾದದ್ದು. ನನ್ನ ಅಮ್ಮನ ಕೊರಳಲ್ಲಿ ಒಂದು ದಿನವೂ ಇದು ಹಸಿರಾಗ್ಲಿಲ್ಲ."

ಅಷ್ಟು ವರ್ಷ ನನ್ನೊಳಗೆ ಕೂತಿದ್ದ ಮಾತು, ಎಷ್ಟು ಸಲೀಸಾಗಿ ಹೊರಗೆ ಬಂತೆಂದರೆ ನನಗೇ ಆಶ್ಚರ್ಯವಾಯಿತು. ಮಾವ ಹಲಗೆಯ ಮೇಲೆ ಎರಡೂ ಕೈ ಅಡ್ಡ ಇಟ್ಟರು. ಆಗ ನನ್ನ ಹಿಂದಿನಿಂದ ಅತ್ತೆ ಮಾತಾಡಿದರು. ಗಂಡನ ಎದುರು ಅವರು ಹಾಗೆ ಮಾತಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ, ಅದೂ ಆ ಮನೆಯಲ್ಲಿ ನಿಷೇಧವಾಗಿದ್ದ ಅರೆಭಾಷೆಯಲ್ಲಿ, ಮೆಲುದನಿಯಲ್ಲಿ. ಕನ್ನಡಕ್ಕೆ ತಂದರೆ ಇಷ್ಟೇ, "ಕೊಡಿ. ಅವಳದ್ದು ಅವಳಿಗೆ ಕೊಡಿ."

ಮಾವ ಕೈ ತೆಗೆದರು. "ತಕ್ಕೊಂಡು ಹೋಗು. ಇನ್ನು ಗುಂಡಿಗೇ ಆದೀತು" ಎಂದರು. ಅಮ್ಮನ ಸರಪಣಿಯನ್ನೂ ಪೆಟ್ಟಿಗೆಯ ಮೂಲೆಯಿಂದ ತೆಗೆದು ಮುಂದಿಟ್ಟರು.

ಹಿತ್ತಿಲಿನ ಬಟ್ಟೆಕಲ್ಲಿನ ಬಳಿ ಕೂತು ಗೂಡುಗಳನ್ನು ಹರಿದೆ. ಹುಣಸೆಹುಳಿ, ಬೂದಿ, ತೆಂಗಿನ ನಾರು ತೆಗೆದುಕೊಂಡು ದೇವರ ದೀಪ ಬೆಳಗುವಂತೆ ಒಂದೊಂದನ್ನೇ ತಿಕ್ಕತೊಡಗಿದೆ. ನಾಣ್ಯ ಕೂಡಿಸುವವರಿಗೆ ಇದಕ್ಕಿಂತ ದೊಡ್ಡ ಪಾಪವಿಲ್ಲವಂತೆ. ಸವೆದು ಉಳಿದದ್ದೂ ಇದರಲ್ಲಿ ಹೋಗುತ್ತದೆ. ನನಗೆ ಅದು ಗೊತ್ತಿತ್ತು. ಅವರೇ ಸಾವಿರ ಸಲ ಹೇಳಿದ್ದರು. ಸ್ವಲ್ಪ ಹೊತ್ತಿಗೆ ಮಾವ ಹಿಂಬಾಗಿಲಿಗೆ ಬಂದು ನಿಂತರು. ನಾನು ಆಗ ತಿಕ್ಕುತ್ತಿದ್ದದ್ದು ಆ ಅಪರೂಪದ ರಾಣಿಯನ್ನೇ. ನೋಡಿದರು, ನೋಡಿದರು, ತಡೆಯಲಿಕ್ಕಾಗದೆ, "ಮುಖ ಉಜ್ಜಬೇಡ" ಎಂದರು. ಬೇಡುವ ದನಿ ಅದು. ಅವರ ಬಾಯಲ್ಲಿ ಅಂಥ ದನಿ ಇದೆಯೆಂದು ನನಗೆ ಗೊತ್ತಿರಲಿಲ್ಲ.

ನಾನು ಮುಖವನ್ನೇ ಉಜ್ಜಿದೆ. ಇನ್ನೊಂದು ಹಿಡಿ ಬೂದಿ ತೆಗೆದುಕೊಂಡು ಉಜ್ಜಿದೆ. ಅದಕ್ಕಾಗಿ ನನಗೆ ಅಂದೂ ಬೇಸರವಾಗಲಿಲ್ಲ, ಇಂದೂ ಇಲ್ಲ.

ಅದೇ ಆಚಾರಿ ಮತ್ತೆ ಕೊಂಡಿ ಬೆಸೆದ. ಬೆಳ್ಳಿ ತೆಳ್ಳಗಾಗಿತ್ತು, ಗುಳಿಗಳು ಉಳಿದಿದ್ದವು, ರಾಣಿಗೆ ಮೂಗಿರಲಿಲ್ಲ. ತಂಗಿಯ ಕೊರಳಿಗೆ ನಾನೇ ತೊಡಿಸಿದೆ. ಅವಳು ಹೊಸ್ತಿಲು ದಾಟುವಾಗ ರೂಪಾಯಿಗಳು ಒಂದಕ್ಕೊಂದು ತಾಗಿ ಸದ್ದು ಮಾಡಿದವು, ಅಪ್ಪ ಕೊಡೆ ಬದಿಗಿಟ್ಟು ಕಣ್ಣು ಒರಸಿಕೊಂಡರು. ಮಾವ ಮದುವೆಗೆ ಬಂದಿದ್ದರು. ಪಂಕ್ತಿಯಲ್ಲಿ ಪಕ್ಕದವರಿಗೆಲ್ಲ, "ಅದ್ರಲ್ಲಿ ಒಂದು ಬಹಳ ಅಪರೂಪದ್ದು ಇತ್ತು, ಹಾಳು ಮಾಡಿದ್ರು" ಎಂದು ಹೇಳುತ್ತಿದ್ದರಂತೆ. ಯಾರು ಹಾಳು ಮಾಡಿದ್ದು ಎಂದು ಹೇಳಲಿಲ್ಲವಂತೆ.

ಆಮೇಲೆ ಅವರು ಗೂಡು ಮಾಡಲಿಲ್ಲ. ಸುತ್ತಿಗೆಯ ಸದ್ದು ನಿಂತು ಓಣಿಯ ಮಕ್ಕಳು ಮಧ್ಯಾಹ್ನ ಮಲಗಿದವು. ಪೆಟ್ಟಿಗೆಯನ್ನು ಹಸಿರು ನಾಣ್ಯಗಳೊಡನೆ ಹಾಗೆಯೇ ಮುಚ್ಚಿಟ್ಟರು. ಕೆಲವು ವರ್ಷದ ನಂತರ ಎದೆನೋವು ಬಂದು ಮಲಗಿದರು. ಗಂಜಿ ಕುಡಿಸಲು ತಲೆ ಎತ್ತಿ ಹಿಡಿಯಲು ಹೋದರೆ, "ಬೇಡ, ನಾನೇ" ಎನ್ನುತ್ತಿದ್ದರು. ಮಾಡಬೇಕಾದ್ದನ್ನು ನಾನು ಮಾಡಿದೆ, ಪ್ರೀತಿಯಿಂದ ಮಾಡಿದೆ ಎಂದರೆ ಸುಳ್ಳಾದೀತು. ಒಂದು ಆಟಿ ತಿಂಗಳ ಜಡಿಮಳೆಯ ಬೆಳಿಗ್ಗೆ ಹೋದರು. ಉಡಿದಾರ ಕತ್ತರಿಸಿ ಕೀಲಿಯನ್ನು ನನ್ನ ಗಂಡ ಅತ್ತೆಯ ಕೈಗೆ ಕೊಟ್ಟರು.

ಬೊಜ್ಜದ, ಎಂದರೆ ಉತ್ತರಕ್ರಿಯೆಯ, ಊಟ ಮುಗಿದು ನೆಂಟರೆಲ್ಲ ಹೋದ ಮೇಲೆ ಅತ್ತೆ ನನ್ನನ್ನು ಕರೆದರು. ಪೆಟ್ಟಿಗೆ ತೆರೆದು ಹಲಗೆಗಳನ್ನು ಹೊರಗಿಟ್ಟುಕೊಂಡು ಕೂತಿದ್ದರು. "ಇದನ್ನೆಲ್ಲ ಓದಿ ಹೇಳು" ಎಂದರು. ನಾನು ಒಂದೊಂದೇ ಗೂಡನ್ನು ತೆಗೆದು, ಹಸಿರು ಕಿಟಕಿಯ ಕೆಳಗಿನ ಅಕ್ಷರವನ್ನು ಓದಿದೆ. ದೊರೆ, ಇಸವಿ, ಟಂಕಸಾಲೆ, ಸ್ಥಿತಿ. ನೆತ್ತಿಯಲ್ಲಿ ಬೆಸುಗೆಯ ಗಾಯ ಎಂದು ಎಷ್ಟೋ ಗೂಡುಗಳ ಮೇಲಿತ್ತು. ಆಚಾರಿಗಳಲ್ಲಿಗೆ ಬಂದ ಹಳೆಯ ಸರಗಳಿಂದಲೂ ಅವರು ತರುತ್ತಿದ್ದರಲ್ಲ. ಹಾಗೆ ಬರೆದ ಗೂಡು ಬಂದಾಗಲೆಲ್ಲ ಅತ್ತೆ, "ಅದನ್ನು ಬದಿಗಿಡು" ಎಂದರು. ಬದಿಯಲ್ಲಿ ಒಂದು ರಾಶಿಯಾಯಿತು.

"ಯಾರದ್ದು ಅಂತ ಬರೆದಿಲ್ವಾ?"

"ಇಲ್ಲ ಅತ್ತೆ. ಯಾವುದ್ರಲ್ಲೂ ಇಲ್ಲ."

ಆಗ ಹೇಳಿದರು. ಅವರ ತವರು ಬಹಳ ಬಡತನದ್ದು. ಅವರ ಅಮ್ಮ ಮಗಳ ಕೊರಳಿಗೆ ಕರಿಮಣಿಯ ಜೊತೆ ನೆತ್ತಿಗೆ ಕೊಂಡಿ ಬೆಸೆದ ಒಂದೇ ಒಂದು ರೂಪಾಯಿ ಪೋಣಿಸಿ ಕಳಿಸಿದ್ದಳು. ಮದುವೆಯಾದ ವರ್ಷವೇ ಮಾವ ಅದನ್ನು ಕ್ಷೇಮಕ್ಕೆಂದು ತೆಗೆದಿಟ್ಟರು.

"ಯಾವ ದೊರೆಯ ಮುಖ ಇತ್ತು ಅತ್ತೆ?"

"ನಾನು ಮುಖ ನೋಡ್ಲಿಲ್ಲ ಮಾರಾಯ್ತಿ. ಅದು ನನ್ನ ಕೊರಳಲ್ಲಿ ಇದ್ದದ್ದು, ನಂಗೆ ಹೇಗೆ ಕಾಣುದು?" ರಾಶಿಯ ಒಂದು ಗೂಡನ್ನು ತಿರುಗಿಸಿ ನೋಡಿದರು. "ಅವ್ರಿಗೆ ಗೊತ್ತಿತ್ತು. ಒಂದೊಂದೂ ಎಲ್ಲಿಂದ ಬಂದದ್ದು ಅಂತ ಗೊತ್ತಿತ್ತು. ಕೇಳಿದ್ರೆ ಹೇಳ್ತಿದ್ರು. ನೀನು ಕೇಳಿದಿ. ನಾನು ಕೇಳ್ಲಿಲ್ಲ."

ಮಾವನಿಗೆ ಬೈಯಬೇಕೆಂದು ಬಾಯಿ ತೆರೆದೆ, ಅವರು ಇರಲಿಲ್ಲ.

"ಈ ರಾಶಿಯನ್ನು ಪೂರ್ತಿ ತೊಳಿ," ಎಂದರು ಅತ್ತೆ. "ನನ್ನದು ಅದ್ರಲ್ಲಿ ಎಲ್ಲೋ ಉಂಟಲ್ಲ."

ಇಬ್ಬರೂ ಹಿತ್ತಿಲಿಗೆ ಹೋದೆವು. ಮಳೆ ಸ್ವಲ್ಪ ಬಿಟ್ಟಿತ್ತು. ನಾನು ಗೂಡುಗಳನ್ನು ಹರಿದು ನಾಣ್ಯಗಳನ್ನು ತಿಕ್ಕಿ ಕೊಡುತ್ತಿದ್ದೆ, ಅತ್ತೆ ನೀರಿನಲ್ಲಿ ಅದ್ದಿ ತೆಗೆದು, ಕರಿಮಣಿ ಬಿಚ್ಚಿದ ತಮ್ಮ ಬರಿಗೊರಳಿಗೆ ಪ್ರತಿಯೊಂದನ್ನೂ ಒಂದು ಗಳಿಗೆ ಒತ್ತಿ ಹಿಡಿದು ನೋಡಿ, ಅಲ್ಲ ಎಂದು ಕೆಳಗಿಟ್ಟು, ಮುಂದಿನದಕ್ಕೆ ನನ್ನ ಕಡೆ ಕೈ ಚಾಚುತ್ತಿದ್ದರು.